ಫಾರ್ಮ್‌ವಿಲ್ ಶಾಲೆಯ ಬೀಗ

ಫಾರ್ಮ್‌ವಿಲ್ ಅಂದ ಕೂಡಲೇ ನಮ್ಮ ವಯಸ್ಸಿನವರಿಗೆ ನೆನಪಾಗೋದು ಫೇಸ್‌ಬುಕ್ ಗೇಮು. 2010ರ ಸುಮಾರು, ನಾನು ಬಿಇ ಓದುತ್ತಿದ್ದಾಗ, ನಮ್ಮ ಹಾಸ್ಟೆಲ್ಲಿನ ಸಿಟಿ ಹುಡುಗರು ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟುಕೊಂಡು ಎದ್ದು ಲ್ಯಾಪ್‌ಟಾಪಿನಲ್ಲಿ ಟೊಮ್ಯಾಟೊ ಕೀಳುತ್ತಿದ್ದರು. ಅದೇ ಹೊತ್ತಿಗೆ ಊರಲ್ಲಿ ನಮ್ಮಪ್ಪ, ತ್ರೀ ಫೇಸ್ ಕರೆಂಟು ಬಂತು ಅಂತ ಎದ್ದು, ಟಾರ್ಚು ಹಿಡಿದುಕೊಂಡು ನಿಜವಾದ ಹೊಲಕ್ಕೆ ನೀರು ಕಟ್ಟೋಕೆ ಹೋಗುತ್ತಿದ್ದರು. ಆ ಗೇಮ್ ಕಂಡರೆ ನನಗೆ ನಗುನೂ ಬರ್ತಿತ್ತು, ಸಿಟ್ಟೂ ಬರ್ತಿತ್ತು.

ಆದರೆ ಫಾರ್ಮ್‌ವಿಲ್ ಅನ್ನೋ ನಿಜವಾದ ಊರೊಂದಿದೆ. ಅದು ಇರೋದು ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ. ವರ್ಜೀನಿಯಾ ನಮ್ಮ ಕಸುಬಿನವರಿಗೆ ಹೊಸ ಹೆಸರೇನಲ್ಲ. ಸರ್ವರ್ ಎಲ್ಲಿ ಇಡೋಣ ಅಂತ ಕ್ಲೌಡಿನ ಪಟ್ಟಿ ತೆರೆದರೆ ಕಣ್ಣಿಗೆ ಬೀಳೋ ಹೆಸರು ಅದು. ವರ್ಷಗಟ್ಟಲೆ ಅಲ್ಲಿಗೆ ಕೋಡ್ ಕಳಿಸಿದ್ದೇನೆ. ಆ ರಾಜ್ಯದ ಒಂದು ಮೂಲೆಯಲ್ಲಿ, ಹದಿನಾರು ವರ್ಷದ ಹುಡುಗಿಯೊಬ್ಬಳು ತನ್ನ ಶಾಲೆಯ ಬಗ್ಗೆ ಒಂದು ಅಭಿಪ್ರಾಯ ಇಟ್ಟುಕೊಂಡಿದ್ದಕ್ಕೆ ಇಡೀ ದೇಶದ ಕಾನೂನು ಬದಲಾಯ್ತು, ಆಮೇಲೆ ಅದೇ ಸಿಟ್ಟಿಗೆ ಆ ಕೌಂಟಿಯ ಎಲ್ಲ ಸರ್ಕಾರಿ ಶಾಲೆಗಳಿಗೂ ಐದು ವರ್ಷ ಬೀಗ ಬಿತ್ತು ಅನ್ನೋದು ಮಾತ್ರ ನನಗೆ ಗೊತ್ತಾಗಿದ್ದು ತೀರಾ ಇತ್ತೀಚೆಗೆ. ಗೊತ್ತಾದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಅದಕ್ಕೆ ಈ ಬರಹ.

ಆ ಹುಡುಗಿಯ ಹೆಸರು ಬಾರ್ಬರಾ ಜಾನ್ಸ್. ಫಾರ್ಮ್‌ವಿಲ್ ಇರೋದು ಪ್ರಿನ್ಸ್ ಎಡ್ವರ್ಡ್ ಅನ್ನೋ ಕೌಂಟಿಯಲ್ಲಿ. ಕೌಂಟಿ ಅಂದರೆ ಸುಮಾರಾಗಿ ನಮ್ಮ ತಾಲೂಕು ಅಂದುಕೊಳ್ಳಿ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಶಾಲೆಗೆ ಬೇಕಾದ ದುಡ್ಡಿನಲ್ಲಿ ದೊಡ್ಡ ಪಾಲು ಸ್ಥಳೀಯ ತೆರಿಗೆಯಿಂದ ಬರುತ್ತೆ. ಎಷ್ಟು ತೆರಿಗೆ ಹಾಕಬೇಕು, ಶಾಲೆಗೆ ಎಷ್ಟು ಕೊಡಬೇಕು ಅಂತ ಕೌಂಟಿಯ ಮೇಲ್ವಿಚಾರಕರ ಮಂಡಳಿ ತೀರ್ಮಾನ ಮಾಡುತ್ತೆ. ಈ ಒಂದು ವಿಷಯ ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಗಿನ ವರ್ಜೀನಿಯಾದಲ್ಲಿ ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕಪ್ಪುವರ್ಣೀಯರ ಮಕ್ಕಳಿಗೆ ಇನ್ನೊಂದು. ಬೇರೆ ಬೇರೆ ಇಡಬಹುದು, ಸಮಾನವಾಗಿದ್ದರೆ ಸಾಕು ಅಂತ 1896ರಲ್ಲೇ ಸುಪ್ರೀಂ ಕೋರ್ಟು ಪ್ಲೆಸಿ ಮೊಕದ್ದಮೆಯಲ್ಲಿ ಒಪ್ಪಿಕೊಂಡಿತ್ತು. 'ಬೇರೆ' ಅನ್ನೋದನ್ನ ಎಲ್ಲರೂ ಚಾಚೂ ತಪ್ಪದೆ ಪಾಲಿಸಿದರು. 'ಸಮಾನ' ಅನ್ನೋದನ್ನ ಯಾರೂ ಕೇಳಲಿಲ್ಲ.

ಬಾರ್ಬರಾ ಓದುತ್ತಿದ್ದದ್ದು ರಾಬರ್ಟ್ ರಸ್ಸಾ ಮೋಟನ್ ಹೈಸ್ಕೂಲಿನಲ್ಲಿ. 1939ರಲ್ಲಿ ಕಟ್ಟಿದ ಆ ಶಾಲೆಯಲ್ಲಿ 180 ಮಕ್ಕಳಿಗೆ ಜಾಗ ಇತ್ತು. 1951ರ ಹೊತ್ತಿಗೆ 450ಕ್ಕೂ ಹೆಚ್ಚು ಮಕ್ಕಳು. ಜಿಮ್ ಇಲ್ಲ, ಊಟದ ಹಾಲ್ ಇಲ್ಲ, ಸೈನ್ಸ್ ಲ್ಯಾಬ್ ಇಲ್ಲ. ಮಕ್ಕಳು ಜಾಸ್ತಿಯಾದರು ಅಂತ ಕೌಂಟಿಯವರು ಪಕ್ಕದಲ್ಲಿ ಮರದ ಶೆಡ್ಡು ಹಾಕಿ, ಹೊರಗೆ ಡಾಂಬರು ಬಳಿದ ದಪ್ಪ ಕಾಗದ ಹೊದಿಸಿಕೊಟ್ಟರು. ನೋಡಿದವರು ಕೋಳಿಗೂಡು ಅನ್ನುತ್ತಿದ್ದರು. ಒಳಗೊಂದು ಒಲೆ. ಒಲೆ ಪಕ್ಕ ಕೂತವನಿಗೆ ಬೆವರು, ದೂರ ಕೂತವನಿಗೆ ಕೋಟು ಹಾಕಿದರೂ ನಡುಕ. ಮಳೆ ಬಂದರೆ ಸೋರಿಕೆ, ಒಳಗೇ ಛತ್ರಿ.

ಇದನ್ನ ಓದುವಾಗ ನನಗೆ ನಮ್ಮೂರ ಶಾಲೆ ನೆನಪಾಯ್ತು. ನಮ್ಮ ಐದನೇ ಕ್ಲಾಸಿನ ಹೆಂಚು ಎಲ್ಲೆಲ್ಲಿ ಸೋರುತ್ತೆ ಅಂತ ನಮಗೆ ಬಾಯಿಪಾಠ ಆಗಿತ್ತು. ಮೋಡ ಆಗುತ್ತಿದ್ದ ಹಾಗೇ ಹೇಳದೆಯೇ ಜಾಗ ಬದಲಾಯಿಸುತ್ತಿದ್ದೆವು. ಸೋರೋದು ಮಳೆಗಾಲದ ಲಕ್ಷಣ, ಅದರಲ್ಲಿ ಯಾರದಾದರೂ ತಪ್ಪು ಇರಬಹುದು ಅಂತ ನನಗೆ ಒಂದು ದಿನವೂ ಹೊಳೆಯಲಿಲ್ಲ. ಬಾರ್ಬರಾಗೆ ಹೊಳೆಯಿತು. ಅಷ್ಟೇ ವ್ಯತ್ಯಾಸ, ಆದರೆ ಅದೇ ದೊಡ್ಡ ವ್ಯತ್ಯಾಸ.

ಅವಳು ತನ್ನ ಬೇಸರವನ್ನ ಮೊದಲು ಹೇಳಿಕೊಂಡಿದ್ದು ಸಂಗೀತದ ಟೀಚರ್ ಹತ್ತಿರ. ಅವರು ಸಮಾಧಾನ ಮಾಡಲಿಲ್ಲ. ಅದಕ್ಕೆ ನೀನೇ ಏನಾದರೂ ಮಾಡಬಾರದೇಕೆ ಅಂತ ಕೇಳಿದರು. ಬಾರ್ಬರಾಗೆ ಮೊದಲು ಬೇಜಾರಾಯ್ತಂತೆ. ಆಮೇಲೆ ಒಂದು ಬೆಳಗ್ಗೆ, ತಮ್ಮ ತಂಗಿಯರನ್ನೆಲ್ಲ ರೆಡಿ ಮಾಡಿ ಕಳಿಸೋ ಗಡಿಬಿಡಿಯಲ್ಲಿ ಅವಳಿಗೆ ಬಸ್ಸು ತಪ್ಪಿತು. ರಸ್ತೆ ಬದಿ ನಿಂತಿದ್ದಾಗ ಬಿಳಿಯರ ಶಾಲೆಯ ಬಸ್ಸು ಬಂತು. ಅರ್ಧ ಖಾಲಿ ಇತ್ತು. ಅದೂ ಫಾರ್ಮ್‌ವಿಲ್ ಕಡೆಗೇ ಹೊರಟಿತ್ತು. ಅವಳನ್ನ ದಾಟಿಕೊಂಡು ಹೋಯಿತು. ತೀರ್ಮಾನ ಆಗಿದ್ದು ಅವತ್ತು ಅಂತ ಅವಳೇ ಮುಂದೆ ಬರೆದುಕೊಂಡಿದ್ದಾಳೆ.

ಮುಂದೆ ನಡೆದಿದ್ದು ಯಾವ ಥ್ರಿಲ್ಲರಿಗೂ ಕಮ್ಮಿ ಇಲ್ಲ. ನಂಬಿಕಸ್ಥ ಗೆಳೆಯರ ಒಂದು ಗುಂಪು ಕಟ್ಟಿಕೊಂಡಳು. ತಿಂಗಳುಗಟ್ಟಲೆ ಗುಟ್ಟಾಗಿ ಪ್ಲಾನ್ ಮಾಡಿದರು. 1951ರ ಏಪ್ರಿಲ್ 23ರಂದು ಹೆಡ್ ಮಾಸ್ಟರ್ ಬಾಯ್ಡ್ ಜೋನ್ಸ್ ಅವರಿಗೆ ಒಂದು ಫೋನ್ ಬಂತು, 'ನಿಮ್ಮ ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಗಲಾಟೆಗೆ ಸಿಕ್ಕಿಕೊಂಡಿದ್ದಾರೆ' ಅಂತ. ಅವರು ಗಾಬರಿಯಿಂದ ಆ ಕಡೆ ಓಡಿದರು. ಈ ಕಡೆ ಎಲ್ಲ ಕ್ಲಾಸಿಗೂ ಚೀಟಿ ಹೋಯಿತು, ಎಲ್ಲರೂ ಸಭೆಗೆ ಬನ್ನಿ ಅಂತ. ಕೆಳಗೆ ಹೆಡ್ ಮಾಸ್ಟರ್ ಹೆಸರಿನ ಮೊದಲಕ್ಷರಗಳು. ಬಾಯ್ಡ್ ಜೋನ್ಸ್, ಬಾರ್ಬರಾ ಜಾನ್ಸ್. ಇಬ್ಬರ ಮೊದಲಕ್ಷರವೂ ಇಂಗ್ಲಿಷಿನಲ್ಲಿ ಒಂದೇ! ಪರದೆ ಸರಿದಾಗ ವೇದಿಕೆ ಮೇಲೆ ನಿಂತಿದ್ದವಳು ಬಾರ್ಬರಾ. ಟೀಚರುಗಳನ್ನ ಹೊರಗೆ ಹೋಗಿ ಅಂತ ಕೇಳಿಕೊಂಡಳು. ಗದ್ದಲ ಆದಾಗ ಕಾಲಿನ ಬೂಟು ಬಿಚ್ಚಿ ಬೆಂಚಿಗೆ ಕುಟ್ಟಿದಳು. ಹೊಸ ಕಟ್ಟಡ ಸಿಗೋ ತನಕ ಕ್ಲಾಸಿಗೆ ಬರೋದು ಬೇಡ ಅಂದಳು. ವಾಪಸ್ ಬಂದ ಹೆಡ್ ಮಾಸ್ಟರ್ ಎಷ್ಟು ಕೇಳಿಕೊಂಡರೂ ಮಕ್ಕಳು ಬಗ್ಗಲಿಲ್ಲ. ಇಡೀ ಶಾಲೆ ಹೊರಗೆ ನಡೆಯಿತು. ಎರಡು ವಾರ ಮುಷ್ಕರ ನಡೆಯಿತು.

ಗಮನಿಸಿ, ಅವರು ಕೇಳಿದ್ದು ಕಟ್ಟಡ. ಬಿಳಿಯರ ಜೊತೆ ಒಂದೇ ಬೆಂಚಿನಲ್ಲಿ ಕೂರಿಸಿ ಅಂತ ಕೇಳಿರಲಿಲ್ಲ. ಸಹಾಯ ಬೇಕು ಅಂತ ರಿಚ್ಮಂಡಿನಲ್ಲಿದ್ದ ಎನ್‌ಎಎಸಿಪಿ ಸಂಸ್ಥೆಯ ವಕೀಲರಿಗೆ ಮಕ್ಕಳೇ ಕಾಗದ ಬರೆದರು. ಆಲಿವರ್ ಹಿಲ್, ಸ್ಪಾಟ್ಸ್‌ವುಡ್ ರಾಬಿನ್ಸನ್ ಅನ್ನೋ ಆ ಇಬ್ಬರು ವಕೀಲರು ಬಂದಿದ್ದೇ ಮಕ್ಕಳಿಗೆ ಬುದ್ಧಿ ಹೇಳಿ ಕ್ಲಾಸಿಗೆ ಕಳಿಸೋಣ ಅಂತ. ಮಕ್ಕಳನ್ನ ನೋಡಿ ಮನಸ್ಸು ಬದಲಾಯಿಸಿದರು. ಆದರೆ ಒಂದು ಷರತ್ತು ಹಾಕಿದರು. ಒಳ್ಳೆ ಕಟ್ಟಡ ಕೊಡಿ ಅಂತ ನಾವು ಕೇಸು ಹಾಕಲ್ಲ, ಪ್ರತ್ಯೇಕ ಶಾಲೆ ಅನ್ನೋದೇ ತಪ್ಪು ಅಂತ ಹಾಕ್ತೀವಿ, ಒಪ್ಪಿಗೆ ಇದ್ದರೆ ಹೇಳಿ, ಅಪ್ಪ ಅಮ್ಮಂದಿರನ್ನೂ ಒಪ್ಪಿಸಿ ಅಂತ.

ಇಂಜಿನಿಯರುಗಳಿಗೆ ಇದು ಬೇಗ ಅರ್ಥ ಆಗುತ್ತೆ. ಮಕ್ಕಳು ಹೇಳಿದ್ದು ಬಗ್. ವಕೀಲರು ತೋರಿಸಿದ್ದು ಡಿಸೈನೇ ತಪ್ಪು ಅನ್ನೋದನ್ನ. ಬಗ್ ಫಿಕ್ಸ್ ಮಾಡು ಅಂದರೆ ಮ್ಯಾನೇಜರು ಒಪ್ಪಬಹುದು, ಡಿಸೈನ್ ಬದಲಿಸು ಅಂದರೆ ಊರೇ ತಿರುಗಿ ಬೀಳುತ್ತೆ. ಚರ್ಚಿನಲ್ಲಿ ಸೇರಿದ ಸಭೆಯಲ್ಲಿ ಕಪ್ಪುವರ್ಣೀಯ ಹಿರಿಯರಲ್ಲೇ ಕೆಲವರು ಇದು ಅತಿಯಾಯ್ತು ಅಂದರು. ಆ ಮಾತು ಅವರ ಹೆದರಿಕೆಯಿಂದ ಬಂದಿದ್ದು, ಅದನ್ನ ಹಗುರವಾಗಿ ನೋಡೋಕೆ ಆಗಲ್ಲ. ನಮ್ಮಪ್ಪನೂ ನಾನು ಕಾಲೇಜಿಗೆ ಹೊರಟಾಗ ಹೇಳಿದ್ದು ಅದೇ ಥರದ್ದು: 'ನಿನ್ನ ಓದು ನೀನು ನೋಡ್ಕೋ, ಸ್ಟ್ರೈಕು ರಾಜಕೀಯ ಅಂತ ಹೋಗ್ಬೇಡ ಕಣೋ ಮಗ.' ಕಳಕೊಳ್ಳೋಕೆ ಇರೋದೇ ಚೂರು ಅನ್ನೋವರ ಮಾತು ಅದು. ಫಾರ್ಮ್‌ವಿಲ್ಲಿನಲ್ಲಿ ಅವತ್ತು ಮಕ್ಕಳ ಮಾತು ಗೆದ್ದಿತು. ಮೇ 23ರಂದು 117 ವಿದ್ಯಾರ್ಥಿಗಳ ಪರವಾಗಿ ಕೇಸು ದಾಖಲಾಯ್ತು. ಪಟ್ಟಿಯಲ್ಲಿ ಮೊದಲು ಇದ್ದಿದ್ದು ಡೊರೊತಿ ಡೇವಿಸ್ ಅನ್ನೋ ಒಂಬತ್ತನೇ ಕ್ಲಾಸಿನ ಹುಡುಗಿ ಹೆಸರು. ಅದಕ್ಕೇ ಅದು ಡೇವಿಸ್ ಕೇಸು.

ಬೆಲೆ ತೆತ್ತವರೂ ಇದ್ದಾರೆ. ಹೆಡ್ ಮಾಸ್ಟರ್ ಬಾಯ್ಡ್ ಜೋನ್ಸ್ ಕೆಲಸ ಹೋಯಿತು. ಬಾರ್ಬರಾಗೆ ಏನಾದರೂ ಮಾಡಿಬಿಟ್ಟಾರು ಅಂತ ಹೆದರಿದ ಮನೆಯವರು ಅವಳನ್ನ ಅಲಬಾಮಾದ ಮಾಂಟ್ಗೊಮರಿಗೆ, ಅವಳ ತಂದೆಯ ಅಣ್ಣ ವರ್ನನ್ ಜಾನ್ಸ್ ಮನೆಗೆ ಕಳಿಸಿದರು. ಅಲ್ಲಿ ಅವರು ಒಂದು ಚರ್ಚಿನ ಪಾದ್ರಿ. ಅವರು ಬಿಟ್ಟ ಮೇಲೆ ಆ ಜಾಗಕ್ಕೆ ಬಂದ ಯುವಕನ ಹೆಸರು ಮಾರ್ಟಿನ್ ಲೂಥರ್ ಕಿಂಗ್.

1952ರಲ್ಲಿ ಕೆಳಗಿನ ಕೋರ್ಟು ಪ್ರತ್ಯೇಕ ಶಾಲೆ ಸರಿ ಅಂತಲೇ ಹೇಳಿತು, ಸೌಲಭ್ಯ ಮಾತ್ರ ಸಮ ಮಾಡಿ ಅಂದಿತು. ಅದುವರೆಗೂ ದುಡ್ಡಿಲ್ಲ ಅನ್ನುತ್ತಿದ್ದ ಕೌಂಟಿಗೆ ಆಗ ದುಡ್ಡು ಸಿಕ್ಕಿತು! 1953ರಲ್ಲಿ ಹೊಸ ಮೋಟನ್ ಹೈಸ್ಕೂಲು ಎದ್ದು ನಿಂತಿತು. ಮಕ್ಕಳು ಮೊದಲು ಏನು ಕೇಳಿದ್ದರೋ ಅದೇ. ಅಷ್ಟು ಕೊಟ್ಟರೆ ಉಳಿದಿದ್ದನ್ನ ಮರೀತಾರೆ ಅನ್ನೋ ಲೆಕ್ಕ. ಆದರೆ ಕೇಸು ಅಷ್ಟರಲ್ಲಿ ಸುಪ್ರೀಂ ಕೋರ್ಟು ಮುಟ್ಟಿತ್ತು. ಬೇರೆ ಬೇರೆ ಕಡೆಯ ಐದು ಕೇಸುಗಳು ಒಟ್ಟಿಗೆ ಬಂದವು. ನಾವೆಲ್ಲ ಹೆಸರು ಕೇಳಿರೋ ಬ್ರೌನ್ ತೀರ್ಪು ಇದೇ. 1954ರ ಮೇ 17ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಪ್ರತ್ಯೇಕ ಶಾಲೆ ಸಂವಿಧಾನಕ್ಕೆ ವಿರುದ್ಧ ಅಂದರು. ಆ ಐದರಲ್ಲಿ ವಿದ್ಯಾರ್ಥಿಗಳೇ ಶುರು ಮಾಡಿದ್ದು ಇದೊಂದೇ.

ಇಲ್ಲಿಗೆ ಸಿನಿಮಾ ಮುಗಿಯುತ್ತೆ. ಚರಿತ್ರೆ ಮುಗಿಯಲ್ಲ. ಎಷ್ಟು ದಿನದಲ್ಲಿ ಜಾರಿ ಮಾಡಬೇಕು ಅಂತ 1954ರ ತೀರ್ಪು ಹೇಳಿರಲಿಲ್ಲ. 1955ರಲ್ಲಿ ಕೋರ್ಟು ಹೇಳಿದ್ದು, ವಿವೇಚನೆಯಿಂದ, ಆದರೆ ಬೇಗ ಮಾಡಿ ಅನ್ನೋ ಅರ್ಥದ ಮಾತು. ಡೆಡ್‌ಲೈನ್ ಹಾಕದ ಟಿಕೆಟ್ಟಿನ ಗತಿ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ವರ್ಜೀನಿಯಾದ ಪ್ರಭಾವಿ ಸೆನೆಟರ್ ಹ್ಯಾರಿ ಬರ್ಡ್ 1956ರಲ್ಲಿ 'ಭಾರಿ ಪ್ರತಿರೋಧ'ಕ್ಕೆ ಕರೆ ಕೊಟ್ಟರು. ಮಕ್ಕಳನ್ನ ಬೆರೆಸಿದ ಶಾಲೆಯನ್ನೇ ಮುಚ್ಚೋ ಕಾನೂನು ಬಂತು. 1958ರಲ್ಲಿ ಕೆಲವು ಊರುಗಳ ಶಾಲೆ ಮುಚ್ಚಿದ್ದೂ ಆಯ್ತು. 1959ರ ಜನವರಿಯಲ್ಲಿ ಕೋರ್ಟುಗಳು ಆ ಕಾನೂನನ್ನ ಹೊಡೆದುಹಾಕಿದವು. ಉಳಿದ ಊರುಗಳಲ್ಲಿ ಶಾಲೆ ತೆರೆದವು.

ಪ್ರಿನ್ಸ್ ಎಡ್ವರ್ಡ್ ಕೌಂಟಿ ಮಾತ್ರ ಬೇರೆ ದಾರಿ ಹಿಡಿಯಿತು. ಆ ಸೆಪ್ಟೆಂಬರಿನಿಂದ ಮಕ್ಕಳನ್ನ ಬೆರೆಸಲೇಬೇಕು ಅಂತ ಮೇಲ್ಮನವಿ ನ್ಯಾಯಾಲಯ ಹೇಳಿದಾಗ, ಮೇಲ್ವಿಚಾರಕರ ಮಂಡಳಿ ಶಾಲೆ ಮುಚ್ಚಿ ಅಂತ ಆದೇಶವನ್ನೇನೂ ಹೊರಡಿಸಲಿಲ್ಲ. ಶಾಲೆಗೆ ಅಂತ ತೆರಿಗೆ ಹಾಕಲಿಲ್ಲ, ಅಷ್ಟೇ. ಬಜೆಟ್ಟಿನಲ್ಲಿ ದುಡ್ಡಿಲ್ಲ, ಆದ್ದರಿಂದ ಶಾಲೆ ಇಲ್ಲ. ಅದಕ್ಕೇ ಮೊದಲೇ ಹೇಳಿದ್ದು ತೆರಿಗೆ ವಿಷಯ ನೆನಪಿಟ್ಟುಕೊಳ್ಳಿ ಅಂತ. 1959ರ ಸೆಪ್ಟೆಂಬರಿನಲ್ಲಿ ಹಳೇ ಕಟ್ಟಡಕ್ಕೂ ಬೀಗ, 1953ರ ಹೊಸ ಕಟ್ಟಡಕ್ಕೂ ಬೀಗ, ಬಿಳಿಯರ ಶಾಲೆಗೂ ಬೀಗ.

ಬಿಳಿಯರ ಮಕ್ಕಳ ಓದು ನಿಲ್ಲಲಿಲ್ಲ. ಅವರಿಗಾಗಿ ಪ್ರಿನ್ಸ್ ಎಡ್ವರ್ಡ್ ಅಕಾಡೆಮಿ ಅನ್ನೋ ಖಾಸಗಿ ಶಾಲೆ ತಕ್ಷಣ ಶುರುವಾಯ್ತು, ಮೊದಲಿಗೆ ಚರ್ಚುಗಳಲ್ಲಿ, ಸಿಕ್ಕ ಕಟ್ಟಡಗಳಲ್ಲಿ. ಮೊದಲ ವರ್ಷ ದೇಣಿಗೆಯಲ್ಲಿ ನಡೆಯಿತು. ಮುಂದಿನ ವರ್ಷದಿಂದ ಫೀಸು ಕಟ್ಟೋರಿಗೆ ಸರ್ಕಾರದಿಂದ ಸಹಾಯಧನ, ದೇಣಿಗೆ ಕೊಟ್ಟೋರಿಗೆ ತೆರಿಗೆಯಲ್ಲಿ ರಿಯಾಯಿತಿ. ಸಾರ್ವಜನಿಕರ ದುಡ್ಡೇ ಸುತ್ತು ಹಾಕಿಕೊಂಡು ಖಾಸಗಿ ಶಾಲೆಗೆ ಬಂತು. ಕೋರ್ಟು ತಡೆಯೋ ತನಕ ಇದು ನಡೆಯಿತು. ಪೋಷಕರ ಆಯ್ಕೆಯ ಸ್ವಾತಂತ್ರ್ಯ ಅಂತ ಅದಕ್ಕೊಂದು ಚಂದದ ಹೆಸರೂ ಇತ್ತು.

ಸುಮಾರು 1,700 ಕಪ್ಪುವರ್ಣೀಯ ಮಕ್ಕಳು ಹೊರಗುಳಿದರು. ಕೆಲವರನ್ನ ಬೇರೆ ಊರಿನ ನೆಂಟರ ಮನೆಗೆ ಕಳಿಸಿದರು. ಕ್ವೇಕರ್ ಪಂಥದವರ ಒಂದು ಸಂಸ್ಥೆ ಕೆಲವರಿಗೆ ಬೇರೆ ರಾಜ್ಯಗಳಲ್ಲಿ ಗುರುತಿಲ್ಲದ ಮನೆಗಳಲ್ಲಿ ಆಶ್ರಯ ಹುಡುಕಿಕೊಟ್ಟಿತು. ಊರಲ್ಲಿ ಉಳಿದ ಚಿಕ್ಕ ಮಕ್ಕಳಿಗೆ ಚರ್ಚಿನ ಕೆಳಮನೆಯಲ್ಲಿ ಅಕ್ಷರ ಹೇಳಿಕೊಡೋ ಪ್ರಯತ್ನ ಆಯ್ತು. ಎಷ್ಟೋ ಮಕ್ಕಳು ಹೊಗೆಸೊಪ್ಪಿನ ಹೊಲದ ಕೆಲಸಕ್ಕೆ ಹೋದರು, ಮತ್ತೆ ಶಾಲೆ ಕಡೆ ಬರಲೇ ಇಲ್ಲ. ಆರು ವರ್ಷಕ್ಕೆ ಒಂದನೇ ಕ್ಲಾಸು ಸೇರಬೇಕಿದ್ದ ಮಗು ಹನ್ನೊಂದಕ್ಕೆ ಸೇರಿದರೆ ಏನಾಗುತ್ತೆ ಅಂತ ಯೋಚಿಸಿ. ಕೋರ್ಟಿನ ಫೈಲಿನಲ್ಲಿ ಐದು ವರ್ಷ ಅಂದರೆ ವಾಯಿದೆ. ಮಗುವಿನ ಪಾಲಿಗೆ ಅದು ಪೂರ್ತಿ ಪ್ರೈಮರಿ ಸ್ಕೂಲು.

ಅಟಾರ್ನಿ ಜನರಲ್ ಆಗಿದ್ದ ರಾಬರ್ಟ್ ಕೆನಡಿ 1963ರ ಒಂದು ಭಾಷಣದಲ್ಲಿ ಭೂಮಿಯ ಮೇಲೆ ಉಚಿತ ಸಾರ್ವಜನಿಕ ಶಿಕ್ಷಣ ಇಲ್ಲದ ಜಾಗಗಳನ್ನ ಎಣಿಸಿ, ಆ ಪಟ್ಟಿಗೆ ಪ್ರಿನ್ಸ್ ಎಡ್ವರ್ಡ್ ಕೌಂಟಿಯನ್ನೂ ಸೇರಿಸಿದರು. ಅದೇ ವರ್ಷ ಕೆನಡಿ ಸರ್ಕಾರದ ಬೆಂಬಲದಲ್ಲಿ, ದೇಣಿಗೆ ಎತ್ತಿ, ಒಂದು ವರ್ಷದ ಮಟ್ಟಿಗೆ 'ಫ್ರೀ ಸ್ಕೂಲ್'ಗಳು ಶುರುವಾದವು. 1964ರ ಮೇ 25ರಂದು ಗ್ರಿಫಿನ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಇನ್ನು ಕಾಯೋದು ಸಾಕು, ಬೇಕಿದ್ದರೆ ಶಾಲೆಗೆ ತೆರಿಗೆ ಹಾಕಿ ಅಂತ ಮಂಡಳಿಗೆ ಕೆಳಗಿನ ಕೋರ್ಟು ಆಜ್ಞೆ ಮಾಡಬಹುದು ಅಂದಿತು. ಸೆಪ್ಟೆಂಬರಿನಲ್ಲಿ ಬೀಗ ತೆಗೆಯಿತು.

ಶಾಲೆಗೆ ಬಂದವರು ಯಾರು? ಕಪ್ಪುವರ್ಣೀಯ ಮಕ್ಕಳು, ಜೊತೆಗೆ ಬೆರಳೆಣಿಕೆಯ ಬಿಳಿಯ ಮಕ್ಕಳು. ಉಳಿದವರು ಅಕಾಡೆಮಿಯಲ್ಲೇ ಉಳಿದರು. 1980ರ ದಶಕದ ತನಕ ಅದು ಬಿಳಿಯರ ಶಾಲೆಯಾಗಿಯೇ ಇತ್ತು. ಕೋರ್ಟಿಗೆ ಬೀಗ ತೆಗೆಸೋಕೆ ಆಯ್ತು, ಬಿಟ್ಟುಹೋದವರನ್ನ ವಾಪಸ್ ಕರೆಸೋಕೆ ಆಗಲಿಲ್ಲ.

ಬಾರ್ಬರಾ ಜಾನ್ಸ್ ಮದುವೆಯಾಗಿ ಬಾರ್ಬರಾ ಪವೆಲ್ ಆದರು. ಫಿಲಡೆಲ್ಫಿಯಾದ ಸರ್ಕಾರಿ ಶಾಲೆಗಳಲ್ಲಿ ಲೈಬ್ರರಿಯನ್ ಆಗಿದ್ದರು. ರಾಜಕೀಯಕ್ಕೆ ಬರಲಿಲ್ಲ, ಭಾಷಣ ಮಾಡುತ್ತಾ ತಿರುಗಲಿಲ್ಲ. 1991ರಲ್ಲಿ ತೀರಿಕೊಂಡರು. ಹಳೇ ಮೋಟನ್ ಶಾಲೆ ಈಗ ಮ್ಯೂಸಿಯಂ. ಶಾಲೆ ಕಳಕೊಂಡವರಿಗೆ 2003ರಲ್ಲಿ ಗೌರವ ಡಿಪ್ಲೊಮಾ ಕೊಟ್ಟರು. ಅಷ್ಟು ಹೊತ್ತಿಗೆ ಎಷ್ಟೋ ಜನ ಅಜ್ಜ ಅಜ್ಜಿ ಆಗಿದ್ದರು. ವಾಷಿಂಗ್ಟನ್ನಿನ ಕ್ಯಾಪಿಟಲ್ ಭವನದಲ್ಲಿ ವರ್ಜೀನಿಯಾ ಪರವಾಗಿ ನಿಂತಿದ್ದ ಜನರಲ್ ರಾಬರ್ಟ್ ಲೀ ಪ್ರತಿಮೆಯನ್ನ 2020ರ ಡಿಸೆಂಬರಿನಲ್ಲಿ ತೆಗೆದರು. ಗುಲಾಮಗಿರಿಯ ಪರ ನಿಂತ ರಾಜ್ಯಗಳ ಸೇನಾಪತಿ ಆತ. ಆ ಜಾಗಕ್ಕೆ ವರ್ಜೀನಿಯಾ ಆರಿಸಿಕೊಂಡಿದ್ದು ಬಾರ್ಬರಾ ಜಾನ್ಸ್ ಅವರನ್ನ.

ಇದನ್ನೆಲ್ಲ ಓದುತ್ತಾ ಮೊದಮೊದಲು ನಾನು ಬಾರ್ಬರಾ ಜಾಗದಲ್ಲಿ ನನ್ನನ್ನ ಇಟ್ಟುಕೊಂಡು ಓದುತ್ತಿದ್ದೆ. ಸೋರೋ ಶಾಲೆ, ನನ್ನದೂ ಅದೇ ಅಲ್ವಾ! ಆದರೆ 1959ಕ್ಕೆ ಬಂದಾಗ ಪುಟ ಮುಂದೆ ಹೋಗಲಿಲ್ಲ. ಯಾಕಂದರೆ ಅವತ್ತು ನನ್ನ ಟೇಬಲ್ ಮೇಲೆ ಮಗಳ ಎಲ್‌ಕೆಜಿ ಅಡ್ಮಿಷನ್ ಫಾರ್ಮು ಇತ್ತು. ಖಾಸಗಿ ಶಾಲೆದು.

ತಪ್ಪು ತಿಳೀಬೇಡಿ. ಮಗಳನ್ನ ಪ್ರೈವೇಟಿಗೆ ಹಾಕೋ ನಾನೂ, ಕಪ್ಪುವರ್ಣೀಯರ ಪಕ್ಕ ಕೂರಲ್ಲ ಅಂದ ಫಾರ್ಮ್‌ವಿಲ್ಲಿನ ಬಿಳಿಯರೂ ಒಂದೇ ಅಂತ ನಾನು ಹೇಳ್ತಿಲ್ಲ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಅನ್ನೋ ಪದವೇ ಇಲ್ಲ. ಅದು ಮೂಲಭೂತ ಹಕ್ಕಲ್ಲ ಅಂತ 1973ರಲ್ಲಿ ಅವರ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮಲ್ಲಿ 2002ರ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳಿಗೆ ಅದು ಮೂಲಭೂತ ಹಕ್ಕು. ಕಾಗದದ ಮೇಲೆ ನಾವು ಅವರಿಗಿಂತ ಮುಂದೆ. ಆದರೆ ಫಾರ್ಮ್‌ವಿಲ್ ನನಗೆ ಕಲಿಸಿದ್ದು ಕಾಗದದ ಪಾಠ ಅಲ್ಲ. ಶಾಲೆ ಸರಿಯಿಲ್ಲ ಅಂತ ಕೇಳೋ ಶಕ್ತಿ ಇರೋ ಮನೆಗಳು ಒಂದೊಂದಾಗಿ ಎದ್ದು ಹೋದರೆ, ಹಿಂದೆ ಉಳಿದವರ ಪರವಾಗಿ ಬಜೆಟ್ಟಿನಲ್ಲಿ ಜಗಳ ಆಡೋಕೆ ಯಾರೂ ಇರಲ್ಲ ಅನ್ನೋದು.

ನಮ್ಮೂರ ಶಾಲೆ ಈಗ ಸೋರಲ್ಲ. ಆರ್‌ಸಿಸಿ ಕಟ್ಟಡ ಬಂದಿದೆ, ಗೋಡೆ ಮೇಲೆ ರೈಲಿನ ಚಿತ್ರ ಬರೆಸಿದ್ದಾರೆ. ನಾನು ಓದುವಾಗ ಶಾನುಭೋಗರ ಮೊಮ್ಮಗ, ಗೌಡರ ಮಗ, ಮೇಷ್ಟ್ರ ಮಗಳು, ಕೂಲಿ ಮಾಡೋರ ಮಕ್ಕಳು ಎಲ್ಲ ಅಲ್ಲೇ. ಬೆಂಚಿನಲ್ಲಿ ಯಾರ ಪಕ್ಕ ಯಾರು ಅನ್ನೋ ಲೆಕ್ಕ ಆಗಲೂ ಇತ್ತು, ಇಲ್ಲ ಅಂದರೆ ಸುಳ್ಳಾಗುತ್ತೆ. ಆದರೂ ಶಾಲೆ ಒಂದೇ. ಈಗ ಬೆಳಗ್ಗೆ ಎಂಟಕ್ಕೆ ಹಳದಿ ವ್ಯಾನು ಬರುತ್ತೆ. ಮೊದಲು ನಾಲ್ಕು ಮನೆ ಮಕ್ಕಳು ಹತ್ತಿದರು, ಆಮೇಲೆ ಹತ್ತು, ಆಮೇಲೆ ವ್ಯಾನು ಎರಡಾಯ್ತು. ಶಾಲೆಯಲ್ಲಿ ಉಳಿದ ಮಕ್ಕಳು ಯಾರ ಮನೆಯವರು, ಯಾವ ಕೇರಿಯವರು ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಯಾರೂ ಬೀಗ ಹಾಕಲಿಲ್ಲ. ಮಕ್ಕಳು ಕಮ್ಮಿ ಆದರು ಅಂತ ಮೇಷ್ಟ್ರು ಕಮ್ಮಿ ಆದರು, ಮೇಷ್ಟ್ರು ಕಮ್ಮಿ ಆದರು ಅಂತ ಮಕ್ಕಳು ಇನ್ನೂ ಕಮ್ಮಿ ಆದರು.

ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿದೆ. ಸ್ಮಾರ್ಟ್ ಟಿವಿ ಕೊಡಿಸೋಣ ಅಂದಾಗ ಎರಡೇ ನಿಮಿಷದಲ್ಲಿ ದುಡ್ಡು ಕಳಿಸಿದ್ದೆ. ಒಂದು ನಮಸ್ಕಾರದ ಎಮೋಜಿ ಬಂತು, ಮುಗೀತು. ಹೋದ ತಿಂಗಳು ಹೆಡ್ ಮೇಷ್ಟ್ರು ಅದೇ ಗ್ರೂಪಿನಲ್ಲಿ ಬೇರೆ ಏನೋ ಕೇಳಿದರು. ದುಡ್ಡಲ್ಲ. ಖಾಲಿ ಇರೋ ಟೀಚರ್ ಹುದ್ದೆ ತುಂಬಿಸೋಕೆ ಬಿಇಓ ಆಫೀಸಿಗೆ ಹೋಗಿ ಕೇಳಬೇಕು, ಓದಿದ ಹುಡುಗರು ನಾಲ್ಕು ಜನ ಜೊತೆಗೆ ಬನ್ನಿ ಅಂತ. ಇನ್ನೂರು ಜನ ಇರೋ ಗ್ರೂಪಿನಲ್ಲಿ ಎರಡು ದಿನ ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಮೂರನೇ ದಿನ 'ಬರ್ತೀನಿ ಸರ್' ಅಂತ ಹಾಕಿದೆ. ಮುಂದಿನ ಸೋಮವಾರ ರಜೆ ಹಾಕಿದ್ದೇನೆ.

ಮಗಳ ಫಾರ್ಮು ಏನಾಯ್ತು ಅಂತ ನೀವು ಕೇಳಬಹುದು. ತುಂಬಿ ಕೊಟ್ಟೆ. ಮನೆ ಹತ್ತಿರದ ಸರ್ಕಾರಿ ಶಾಲೆಗೂ ಒಂದು ಸಲ ಹೋಗಿ ನೋಡಿ ಬಂದೆವು, ಧೈರ್ಯ ಬರಲಿಲ್ಲ. ರಾತ್ರಿ ಅಪ್ಪ ಫೋನ್ ಮಾಡಿ ಫೀಸು ಎಷ್ಟೋ ಅಂತ ಕೇಳಿದರು. ಅರ್ಧಕ್ಕೆ ಇಳಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪ ಅಂದರು:

'ಅಷ್ಟ್ರಲ್ಲಿ ನಿನ್ ಪೂರ್ತಿ ಬಿಇ ಮುಗಿದಿತ್ತಲ್ಲೋ.'